ಹಿರಿಯಾ, ಕಿರಿಯಾ ಮತ್ತು ದುರ್ಗಿಯ ಎಮ್ಮೆ

ಬನವಾಸಿ
೧೬-೧-೧೯೬೧

ಗೆಳೆಯ ಶಾಂತಾರಾಮನಿಗೆ ಮಡಿವಾಳಪ್ಪನ ಶರಣು.

ಇಲ್ಲಿ ಎರಡು ಕಾಲಿನವರೂ ನಾಲ್ಕು ಕಾಲಿನವರೂ ನೆಟ್ಟಗಿದ್ದೇವೆ. ನಿನ್ನ ಶಿರಸಿಯ ಕೋಣೆಯಲ್ಲೂ ಹಾಗೇ ಇರಲಿ.

ನೀನು ಕಳಿಸಿದ ಅಚ್ಚಿನ ಹಾಳೆ ಬಂತು. "ಜಾನುವಾರು ಆರೈಕೆ ಸಂಘ, ಕಾರ್ಯದರ್ಶಿ ಶಾಂತಾರಾಮ ಹೆಗಡೆ" ಎಂದು ಓದಿ ಗಾಡಿಯ ಮೇಲೆ ಕೂತೇ ನಕ್ಕೆ. ನಾವಿಬ್ಬರೂ ಮುಲ್ಕಿ ಪರೀಕ್ಷೆಗೆ ಓದುವಾಗ ಬೀದಿಯಲ್ಲಿ ಆಕಳು ಎದುರಾದರೆ ನೀನು ಗಟಾರಕ್ಕೆ ಇಳಿದು ದಾರಿ ಬಿಡುತ್ತಿದ್ದೆ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ದನಗಳೆಲ್ಲ ನಿನ್ನನ್ನು ನಂಬಿ ಮೇಯಬೇಕಂತೆ!

ಹಾಳೆಯನ್ನು ನನ್ನ ಹೆಂಡತಿ ಪಾರ್ವತವ್ವನಿಗೆ ಓದಿ ಹೇಳಿದೆ. ತಿಂಗಳಿಗೆ ಒಂದು ಎತ್ತಿಗೆ ಎಂಟಾಣೆ ಕಟ್ಟಬೇಕು, ಎತ್ತಿಗೆ ಕಾಯಿಲೆ ಬಂದರೆ ಸಂಘದ ಡಾಕ್ಟರು ಮನೆಗೇ ಬರುತ್ತಾರೆ, ಔಷಧವೂ ಸಂಘದ್ದೇ ಎಂದೆ.

"ಕಾಯಿಲಿ ಬರದಿದ್ರ?" ಎಂದಳು.

"ಬರದಿದ್ದರೆ ಹೋಯಿತು. ಎಂಟಾಣೆ ಮರಳಿ ಬರೋದಿಲ್ಲ."

"ಚಲೋ ಆತು. ನೆಟ್ಟಗಿರೋ ಎತ್ತಿಗೆ ಔಷಧದ ರೊಕ್ಕಾ ಕಟ್ಟೋದಂದ್ರ, ಬಾರದ ಬ್ಯಾನಿಗೆ ಕೂಡಾಕ ಮಣಿ ಹಾಕಿ 'ಬಾರವ್ವಾ' ಅಂತ ಕರದಂಗ ಆತಲ್ರಿ."

ನನ್ನ ಬಾಡಿಗೆ ಗಾಡಿಗೆ ಇರುವವು ಎರಡೇ ಎತ್ತು. ನೀನು ನೋಡಿಲ್ಲ. ಒಂದೇ ಆಕಳ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ನಾನು ಹಿರಿಯಾ, ಕಿರಿಯಾ ಎಂದೇ ಕರೆಯುತ್ತೇನೆ. ಇಬ್ಬರೂ ಬೆಳ್ಳಗೆ, ಒಂದೇ ಎತ್ತರ, ಒಂದೇ ಬಾಗಿನ ಕೊಂಬು. ಸಂತೆಯಲ್ಲಿ ಯಾರಿಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅವು ಮಲಗಿದರೆ ಮನೆ ಮಲಗಿತು.

ಕಟ್ಟಲೋ, ಬೇಡವೋ? ಕಾರ್ಯದರ್ಶಿಯಾಗಿ ಬರೆಯಬೇಡ. ಗೆಳೆಯನಾಗಿ ಬರೆ.

ನಿನ್ನ
ಮಡಿವಾಳಪ್ಪ


ಶಿರಸಿ
೨೪-೧-೧೯೬೧

ಮಡಿವಾಳಪ್ಪನಿಗೆ,

ಗಟಾರದ ಸುದ್ದಿಯನ್ನು ಸಂಘದ ಸದಸ್ಯರ ಮುಂದೆ ಹೇಳದಿದ್ದರೆ ಉಪಕಾರವಾಗುತ್ತದೆ.

ಪಾರ್ವತವ್ವನವರಿಗೆ ಒಂದು ಮಾತು ಕೇಳು. ಸುಗ್ಗಿಯಲ್ಲಿ ಕಮ್ಮಾರನಿಗೂ ಬಡಿಗನಿಗೂ ಆಯದ ಕಾಳು ಅಳೆದು ಕೊಡುತ್ತೀರಲ್ಲ, ಆ ವರ್ಷ ನಿಮ್ಮ ಗಾಡಿಯ ಅಚ್ಚು ಮುರಿಯದಿದ್ದರೆ ಕೊಡುವುದನ್ನು ಬಿಡುತ್ತೀರಾ? ಇಲ್ಲ. ಮುರಿದ ದಿನ ಅವನು ಬೇರೆ ಕೆಲಸ ಬಿಟ್ಟು ಮೊದಲು ನಿಮ್ಮ ಮನೆಗೆ ಬರಲಿ ಎಂದು ಕೊಡುತ್ತೀರಿ. ಇದೂ ಆಯವೇ. ಇಲ್ಲಿ ಕಮ್ಮಾರನ ಬದಲು ಡಾಕ್ಟರಿದ್ದಾರೆ, ಅಷ್ಟೇ.

ನಮ್ಮ ಡಾಕ್ಟರು ಕಮಲಾಕರ ರಾಯರು. ಸರಕಾರಿ ಕೆಲಸದಿಂದ ನಿವೃತ್ತರಾದವರು. ಒಬ್ಬರೇ ಇರುವುದರಿಂದ ಒಂದು ಕಟ್ಟುನಿಟ್ಟು ಮಾಡಿದ್ದೇವೆ. ಸಂಘದಲ್ಲಿ ಹೆಸರು ಬರೆಸಿದ ದನಕ್ಕೆ ಕಾಯಿಲೆ ಎಂದರೆ ಡಾಕ್ಟರು ಹಳ್ಳಿಗೆ ಹೋಗುತ್ತಾರೆ. ಹೆಸರಿಲ್ಲದ ದನವನ್ನು ಬುಧವಾರ ಇಲ್ಲಿಗೇ ಹೊಡೆದುಕೊಂಡು ಬರಬೇಕು. ಹಾಳೆಯಲ್ಲಿ ಬಿಟ್ಟುಹೋದ ಒಂದು ಮಾತು: ಬಾಯಿಗೂಡಿದ ಎತ್ತಿಗೆ, ಎಂದರೆ ಎಂಟೂ ಹಲ್ಲು ಬಂದದ್ದಕ್ಕೆ, ಹನ್ನೆರಡಾಣೆ. ಎಳೆಯದಕ್ಕೆ ಎಂಟಾಣೆ.

ಎರಡನ್ನೂ ಬರೆಸು. ನೊಗಕ್ಕೆ ಒಂದೇ ಹೆಗಲು ಕೊಟ್ಟು ಗಾಡಿ ಓಡಿಸಿದವರನ್ನು ನಾನು ಕಂಡಿಲ್ಲ.

ನಿಯಮದಂತೆ ನಾನು ಬಂದು ಎತ್ತಿನ ಹಲ್ಲು, ಸುಳಿ, ಕೊಂಬು ನೋಡಿ ಗುರುತು ಬರೆದುಕೊಳ್ಳಬೇಕು. ಬೇರೆಯವರಿಗೆ ಹಾಗೇ ಮಾಡಿದ್ದೇನೆ. ನೀನು ಕಾಗದದಲ್ಲಿ ಬರೆದರೆ ಸಾಕು.

ಇತಿ
ಶಾಂತಾರಾಮ


ಬನವಾಸಿ
೬-೨-೧೯೬೧

ಶಾಂತಾರಾಮಾ, ಶರಣು.

ಆಯದ ಮಾತು ಕೇಳಿ ಪಾರ್ವತವ್ವ ಸೋತಳು. "ಹೆಗಡೇರು ಮಾತಿನಾಗ ಭಾಳ ಗಟ್ಟಿ, ಕಟ್ರಿ ಹಂಗಾರ" ಎಂದಳು.

ಆದರೆ ಒಂದನ್ನೇ ಬರೆಸುತ್ತೇನೆ. ಗಾಡಿಯ ಗಾಲಿಗೆ ಹೊಸ ಪಟ್ಟಿ ಹಾಕಿಸಬೇಕಾಗಿದೆ, ಈ ವರ್ಷ ಎರಡೂ ಆಗದು. ಯಾವುದನ್ನು ಬರೆಸಲಿ ಎಂದು ತಿಳಿಯದೆ ಊರ ಹೊರಗಿನ ಬಸವಣ್ಣನ ಗುಡಿಯಲ್ಲಿ ಪ್ರಸಾದ ಕೇಳಿದೆ. ಬಸವಣ್ಣನ ಹಣೆಗೆ ಹಚ್ಚಿದ ಹೂವು ಬಲಕ್ಕೆ ಬಿದ್ದರೆ ಹಿರಿಯಾ, ಎಡಕ್ಕೆ ಬಿದ್ದರೆ ಕಿರಿಯಾ. ಎಡಕ್ಕೆ ಬಿತ್ತು. ಎತ್ತಿನ ವಿಚಾರ ಎತ್ತಿಗಿಂತ ಚೆನ್ನಾಗಿ ಬೇರೆ ಯಾವ ದೇವರಿಗೆ ತಿಳಿದೀತು?

ನನ್ನ ಎಣಿಕೆಗೂ ಅದೇ ಸರಿ. ಹಿರಿಯಾ ಕಬ್ಬಿಣ. ಹುಟ್ಟಿದಂದಿನಿಂದ ಒಂದು ದಿನ ಮೂಗು ಒಣಗಿದ್ದು ಕಾಣೆ. ಕಿರಿಯಾ ಹೊಟ್ಟೆಬಾಕ, ಕಂಡವರ ಬೇಲಿಗೆ ಬಾಯಿ ಹಾಕುವವ. ಬೇನೆ ಬಂದರೆ ಅವನಿಗೇ ಬರಬೇಕು.

ಬರೆದುಕೋ: ಕಿರಿಯಾ. ಬಿಳಿ ಎತ್ತು. ಆರು ಹಲ್ಲು. ಹಣೆಯಲ್ಲಿ ಒಂದು ಸುಳಿ. ನೊಗದ ಎಡಕ್ಕೆ ಹೂಡುವುದು. ಎಂಟಾಣೆ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟಿದ್ದೇನೆ.

ನಿನ್ನ
ಮಡಿವಾಳಪ್ಪ


ಬನವಾಸಿ
೧೪-೭-೧೯೬೧, ಬೆಳಗಿನ ಬಸ್ಸು

ಶಾಂತಾರಾಮಾ,

ಎತ್ತಿಗೆ ಗಂಟಲುಬೇನೆ. ನಿನ್ನೆ ಸಂಜೆ ಹುಲ್ಲು ಮುಟ್ಟಲಿಲ್ಲ, ಇವತ್ತು ಗಂಟಲು ಬಿಂದಿಗೆಯಷ್ಟು ಊದಿದೆ, ಗೊರಗೊರ ಎನ್ನುತ್ತಿದೆ. ಪಕ್ಕದ ಓಣಿಯಲ್ಲಿ ಹೀಗೆಯೇ ಆಗಿ ಒಂದೇ ದಿನದಲ್ಲಿ ಎರಡು ದನ ಹೋದವು. ಸಂಘದಲ್ಲಿ ಬರೆಸಿದ ಎತ್ತು. ಡಾಕ್ಟರನ್ನು ಇದೇ ಬಸ್ಸು ತಿರುಗಿ ಬರುವಾಗ ಕಳಿಸು. ಕಾಲಿಗೆ ಬೀಳುತ್ತೇನೆ.

ಮಡಿವಾಳಪ್ಪ


ಬನವಾಸಿ
೧೮-೭-೧೯೬೧
(ಅಂಚೆಗೆ ಹಾಕದ ಕಾಗದ)

ಗೆಳೆಯಾ,

ಎತ್ತು ಬದುಕಿತು. ಆದರೆ ಬದುಕಿದ್ದು ಕಿರಿಯಾ ಅಲ್ಲ. ಕಾಯಿಲೆ ಬಿದ್ದಿದ್ದೂ ಕಿರಿಯಾ ಅಲ್ಲ. ಹಿರಿಯಾ.

ಬುಧವಾರದವರೆಗೆ ಕಾಯುವಂತಿರಲಿಲ್ಲ, ಹದಿನೈದು ಮೈಲಿ ನಡೆಸಿ ತರುವಂತೆಯೂ ಇರಲಿಲ್ಲ. ಸಂಘದ ಎತ್ತು ಎಂದು ಬರೆಯುವಾಗ ಎರಡು ಸಲ ಯೋಚಿಸಲಿಲ್ಲ, ನೋಡು. ಅದೇ ಈಗ ಹೆಚ್ಚು ಸುಡುತ್ತಿದೆ.

ಡಾಕ್ಟರು ಬಂದರು. ಒಳ್ಳೆಯ ಮನುಷ್ಯ. ಸೂಜಿ ಚುಚ್ಚುವ ಮೊದಲು ದನವನ್ನು ಹೆಸರು ಹಿಡಿದು ಮಾತಾಡಿಸುವುದು ಅವರ ರೂಢಿಯಂತೆ.

"ಏನಪ್ಪಾ ಇವನ ಹೆಸರು?" ಎಂದರು.

"ಕಿರಿಯಾ ಅಂತಾರ್ರಿ" ಎಂದೆ.

"ಕಿರಿಯಾ, ಹೆದರಬೇಡ ಮರಿ" ಎಂದು ಹಣೆ ಸವರಿದರು. ಮಲಗಿದ ಹಿರಿಯಾ ಕಿವಿಯನ್ನೂ ಅಲುಗಿಸಲಿಲ್ಲ. ಆದರೆ ಕೊಟ್ಟಿಗೆಯ ಆಚೆ ತುದಿಯಲ್ಲಿ ಕಟ್ಟಿದ್ದ ಕಿರಿಯಾ, ತನ್ನನ್ನು ಕರೆದರೆಂದು ಕತ್ತು ಚಾಚಿ, "ಅಂಬಾ" ಎಂದು ಓಗೊಟ್ಟ!

ಡಾಕ್ಟರು ಆ ಕಡೆ ನೋಡಿದರು. ನಾನು ನೆಲ ನೋಡಿದೆ. ಪಾರ್ವತವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಡಾಕ್ಟರು ಹಿರಿಯಾನ ಬಾಯಿ ಬಿಡಿಸಿ ನೋಡಿ, ರಕ್ತನಾಳಕ್ಕೆ ಔಷಧ ಕೊಟ್ಟರು.

ಮರುದಿನ ಬೆಳಿಗ್ಗೆ ಹಿರಿಯಾ ಎದ್ದು ನಿಂತ. ಮಧ್ಯಾಹ್ನದೊಳಗೆ ನಾಲ್ಕು ಎಳೆ ಹುಲ್ಲು ತಿಂದ. "ಇನ್ನು ಭಯವಿಲ್ಲ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ" ಎಂದು ಡಾಕ್ಟರು ಚೀಲ ಕಟ್ಟಿದರು. ನಾನು ಬಿಡಲಿಲ್ಲ. ಅವರು ಹೋದ ಮೇಲೆ ಬೇನೆ ತಿರುಗಿ ಎದ್ದರೆ ಇನ್ನೊಮ್ಮೆ ಕರೆಯಬೇಕು, ಇನ್ನೊಮ್ಮೆ ಸುಳ್ಳು ಬರೆಯಬೇಕು. "ಇವತ್ತೊಂದಿನ ಇದ್ದು ಹೋಗ್ರಿ, ಹೋಳಗಿ ಮಾಡ್ಯಾಳ ನಮ್ಮಾಕಿ" ಎಂದು ಚೀಲ ಕಸಿದು ಗೂಟಕ್ಕೆ ಹಾಕಿದೆ. ಹೋಳಿಗೆಗೆ ಆಗಿನ್ನೂ ಬೇಳೆ ಕೂಡ ಬೇಯಿಸಿರಲಿಲ್ಲ. ಪಾಪ, ಉಳಿದರು.

ಇಷ್ಟೇ ತಪ್ಪು. ಯಾರಿಗೂ ಏನೂ ನಷ್ಟವಾಗಿಲ್ಲವಲ್ಲ? ಔಷಧದ ಬೆಲೆ ಎಷ್ಟೆಂದು ಕೇಳಿ ಕೊಟ್ಟುಬಿಡೋಣ ಎಂದರೆ, ಯಾಕೆ ಕೊಡುತ್ತೀ ಎಂದು ನೀನು ಕೇಳುತ್ತೀಯ. ಈ ಕಾಗದವನ್ನು ನಾಳೆ ಹಾಕುತ್ತೇನೆ.

ಮಡಿವಾಳಪ್ಪ


ಶಿರಸಿ
೩-೮-೧೯೬೧

ಮಡಿವಾಳಪ್ಪನಿಗೆ,

ನಿನ್ನ ಎತ್ತು ಚೇತರಿಸಿಕೊಂಡಿದೆ ಎಂದು ಕಮಲಾಕರ ರಾಯರು ಹೇಳಿದರು. ಸಂತೋಷ. ಅವರ ಚೀಟಿ ಕಡತಕ್ಕೆ ಸೇರಿದೆ.

ಇಲ್ಲಿ ಒಂದು ಕೆಟ್ಟದ್ದು ನಡೆಯಿತು. ಯಲ್ಲಾಪುರದ ದಾರಿಯಲ್ಲಿ, ಮಂಚಿಕೇರಿಯಿಂದ ಆಚೆ, ದುರ್ಗಿ ಎಂಬ ಹೆಂಗಸಿದ್ದಾಳೆ. ಗಂಡನಿಲ್ಲ. ಒಂದು ಎಮ್ಮೆಯ ಹಾಲು ಮಾರಿ ಬದುಕುವವಳು. ಸಂಘದ ಮೊದಲ ದಿನವೇ ಎಮ್ಮೆಯ ಹೆಸರು ಬರೆಸಿದವಳು. ಜುಲೈ ಹದಿನೈದರ ಬೆಳಿಗ್ಗೆ ಅವಳ ಎಮ್ಮೆಗೂ ಗಂಟಲುಬೇನೆ ಎಂದು ಬಸ್ಸಿನವರ ಕೈಲಿ ಹೇಳಿ ಕಳಿಸಿದ್ದಳು. ಡಾಕ್ಟರು ಬನವಾಸಿಗೆ ಹೋಗಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಬಂದಾರು, ಬಂದ ಕೂಡಲೇ ಸಂಜೆಯ ಬಸ್ಸಿಗೆ ಹತ್ತಿಸುತ್ತೇನೆ ಎಂದು ಹೇಳಿ ಕಳಿಸಿದೆ. ಅವರು ಬಂದದ್ದು ಮರುದಿನ. ಮಂಚಿಕೇರಿ ತಲುಪುವಾಗ ಎಮ್ಮೆಯನ್ನು ಹೂಳುತ್ತಿದ್ದರಂತೆ.

ನಿನಗೆ ತಿಳಿದಿರಲಿ ಎಂದು ಬರೆದೆ. ಒಬ್ಬ ಡಾಕ್ಟರು ಎರಡು ಕಡೆ ಇರಲಾರರು.

ಇತಿ
ಶಾಂತಾರಾಮ


ಬನವಾಸಿ
೨೫-೮-೧೯೬೧

ಶಾಂತಾರಾಮನಿಗೆ ಶರಣು.

ಕಾಗದ ತಡವಾಯಿತು. ಗಾಲಿಗೆ ಪಟ್ಟಿ ಹಾಕಿಸಿದೆ. ಕಮ್ಮಾರ ಪಟ್ಟಿ ಕಾಯಿಸಿ ಹೊಡೆಯುವಾಗ ಮರ ಸುಟ್ಟು ಹೊಗೆ ಎದ್ದಿತು, ನೀರು ಹೊಯ್ದರೆ ಚುಂಯ್ ಎಂದಿತು. ಓಣಿಯವರೆಲ್ಲ ನೋಡಲು ನಿಂತಿದ್ದರು. ಈಗ ಗಾಡಿ ಸದ್ದೇ ಮಾಡುವುದಿಲ್ಲ. ಮೊದಲು ಅರ್ಧ ಮೈಲಿಯಿಂದ ಕೇಳುತ್ತಿತ್ತು. ಈಗ ಮನೆಗೆ ಬಂದರೂ ಪಾರ್ವತವ್ವನಿಗೆ ತಿಳಿಯುವುದಿಲ್ಲ.

ಅಕ್ಕಿಯ ಬಾಡಿಗೆ ಸಿಗುತ್ತಿದೆ. ವರದೆಯಲ್ಲಿ ನೀರು ಬಹಳ. ಈ ಸಲ ಸೌತೆ ಬಳ್ಳಿ ಬೇಲಿಯ ಮೇಲೆಲ್ಲ ಹಬ್ಬಿದೆ, ನಾಲ್ಕು ಕಾಯಿ ನಿನಗೆ ಕಳಿಸೋಣ ಎಂದರೆ ಬಸ್ಸಿನವನು ಅರ್ಧ ತಿಂದಾನು ಎಂದು ಬಿಟ್ಟೆ.

ಎತ್ತುಗಳು ನೆಟ್ಟಗಿವೆ.

ಆ ಹೆಂಗಸಿನ ಎಮ್ಮೆಯ ಸುದ್ದಿ ಓದಿದೆ. ಪಾಪ.

ಮಡಿವಾಳಪ್ಪ


ಶಿರಸಿ
೧೨-೧೧-೧೯೬೧

ಮಡಿವಾಳಪ್ಪನಿಗೆ,

ಮೂರು ತಿಂಗಳ ಹಣ ತಪ್ಪದೆ ಬಂದಿದೆ. ಜೊತೆಗೆ ಒಂದು ಅಕ್ಷರವೂ ಬಂದಿಲ್ಲ. ಹತ್ತು ಮಾತಿಗೆ ಒಂದು ಕಥೆ ಹೇಳುವವನು ನೀನು.

ಸಂಘ ಮುಳುಗುತ್ತಿದೆ. ಎಮ್ಮೆ ಸತ್ತ ಸುದ್ದಿ ಊರೂರಿಗೆ ಹಬ್ಬಿ, ಅದಕ್ಕೆ ಬಾಲ ಬೆಳೆದಿದೆ. ಹೋದ ವಾರ ನನ್ನ ಕೋಣೆಯಲ್ಲೇ ಒಬ್ಬ ಹಿರಿಯರು ಹೇಳಿದರು: "ಎಂತ ಸಂಘ ಮಾರಾಯ ನಿಂದು? ಬಡವರ ಎಮ್ಮೆ ಸಾಯ್ತಾ ಇದ್ರೆ ಡಾಕ್ಟರು ಬನವಾಸಿಲಿ ಹೋಳಿಗೆ ತಿಂತಾ ಕುಂತಿದ್ರಡ! ಆನು ಮುಂದಿನ ತಿಂಗ್ಳಿಂದ ದುಡ್ಡು ಕಟ್ತ್ನಿಲ್ಲೆ."

ಹೋಳಿಗೆಯ ಸುದ್ದಿ ಹೊರಬಿದ್ದದ್ದು ಕಮಲಾಕರ ರಾಯರ ಬಾಯಿಂದಲೇ. ಎಲ್ಲಿಯೋ ನಿನ್ನ ಮನೆಯ ಊಟವನ್ನು ಹೊಗಳಿದ್ದರಂತೆ. ಈಗ ಅವರನ್ನು ಕಂಡಲ್ಲಿ ಹುಡುಗರು "ಹೋಳಿಗೆ ಡಾಕ್ಟರು" ಎನ್ನುತ್ತಾರೆ. ಅರವತ್ತೆರಡು ವರ್ಷದ ಮನುಷ್ಯ. ಮುಂದಿನ ತಿಂಗಳಿಂದ ಬರುವುದಿಲ್ಲ ಎಂದಿದ್ದಾರೆ. ಅವರು ಹೋದರೆ ಸಂಘ ಎಂದು ಉಳಿಯುವುದು ನಾನು ಮತ್ತು ಒಂದು ಪೆಟ್ಟಿಗೆ.

ದುರ್ಗಿಯೂ ಬಂದಿದ್ದಳು. ಜಗಳವಾಡುತ್ತಾಳೆ ಎಂದುಕೊಂಡೆ. ಆಡಲಿಲ್ಲ. ಹೊಸಿಲ ಹೊರಗೆ ಕೂತು, "ಡಾಕ್ಟ್ರು ಬತ್ರು ಅಂದಿದ್ರಲ, ಅದ್ಕೇ ನಾಟಿ ಮದ್ದು ಮಾಡವ್ರ ಕರೀಲಿಲ್ಲ ನಾನು. ಕಾದೆ" ಎಂದಳು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಡಿಸೆಂಬರ್ ಹತ್ತಕ್ಕೆ ಸಭೆ ಇದೆ. ನೀನು ಬರಬೇಕು. ಎರಡನೆಯ ದಿನವೂ ನಿನ್ನ ಎತ್ತಿಗೆ ಡಾಕ್ಟರ ಅಗತ್ಯವಿತ್ತು, ಅದಕ್ಕೇ ಅವರು ಉಳಿದರು ಎಂದು ನೀನು ಹೇಳಿದರೆ ಅವರ ಮಾನ ಉಳಿಯುತ್ತದೆ. ಅದು ನಿಜವಾದರೆ ಮಾತ್ರ ಹೇಳು.

ಶಾಂತಾರಾಮ


ಬನವಾಸಿ
೨೭-೧೧-೧೯೬೧

ಶಾಂತಾರಾಮಾ,

ಇದರ ಜೊತೆಗೆ ಜುಲೈ ಹದಿನೆಂಟರ ಕಾಗದ ಇಟ್ಟಿದ್ದೇನೆ. ಮೊದಲು ಅದನ್ನು ಓದು. ನಾಳೆ ಹಾಕುತ್ತೇನೆ ಎಂದು ಬರೆದು ನಾಲ್ಕು ತಿಂಗಳು ಜಂತಿಯ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದೆ.

ಓದಿದೆಯಾ? ಅದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕೋಣ ಎಂದು ಲೇಖನಿ ಎತ್ತಿದೆ. ಹಾಗೇ ಬಿಟ್ಟೆ. ಜನ ಓದಲಿ.

ಎರಡನೆಯ ದಿನ ಎತ್ತಿಗೆ ಡಾಕ್ಟರು ಬೇಕಿರಲಿಲ್ಲ. ಬೇಕಾದದ್ದು ನನಗೆ. ಅವರು ಹೊರಟು ನಿಂತಿದ್ದರು, ಚೀಲ ಕೈಯಲ್ಲಿತ್ತು, ಬಸ್ಸು ಬಂದು ಗುಡಿಯ ಹತ್ತಿರ ನಿಂತದ್ದು ನಮ್ಮ ಜಗುಲಿಗೆ ಕಾಣುತ್ತಿತ್ತು. ಆ ಬಸ್ಸು ಖಾಲಿ ಕೈಯಲ್ಲಿ ಹೋಯಿತು. ನಿನ್ನ ಆಗಸ್ಟಿನ ಕಾಗದ ಓದಿದ ದಿನ ಬೆರಳು ಮಡಚಿ ಎಣಿಸಿದೆ. ಮಧ್ಯಾಹ್ನದ ಬಸ್ಸು, ಸಂಜೆಯ ಬಸ್ಸು, ಕತ್ತಲಾಗುವ ಮೊದಲು ಮಂಚಿಕೇರಿ. ಎಷ್ಟು ಸಲ ಎಣಿಸಿದರೂ ಡಾಕ್ಟರು ಹೋಗಿ ಮುಟ್ಟುತ್ತಾರೆ. ಆಮೇಲೆ ನಿನಗೆ ಸೌತೆ ಬಳ್ಳಿಯ ಸುದ್ದಿ ಬರೆದೆ.

ಇನ್ನೊಂದು ಇದೆ. ಬಸವಣ್ಣನಲ್ಲಿ ನಾನು ಒಂದು ಸಲ ಕೇಳಲಿಲ್ಲ, ಮೂರು ಸಲ ಕೇಳಿದೆ. ಮೊದಲ ಹೂವು ಬಲಕ್ಕೆ ಬಿತ್ತು, ಹಿರಿಯಾ. ಹಿರಿಯಾ ಬಾಯಿಗೂಡಿದ ಎತ್ತು, ಅವನಿಗೆ ಹನ್ನೆರಡಾಣೆ. ಗಾಳಿಗೆ ಬಿದ್ದಿತೇನೋ ಎಂದು ಪೂಜಾರಿಗೆ ಹೇಳಿ ಮತ್ತೆ ಹಚ್ಚಿಸಿದೆ. ಮತ್ತೆ ಬಲಕ್ಕೇ ಬಿತ್ತು. "ಮಡಿವಾಳಪ್ಪಾ, ದೇವರು ಎರಡು ಸಲ ಹೇಳ್ಯಾನ" ಎಂದ ಪೂಜಾರಿ. "ಇನ್ನೊಂದ್ಸಲ ನೋಡ್ರಿ" ಎಂದೆ. ಮೂರನೆಯದು ಎಡಕ್ಕೆ ಬಿತ್ತು. ದೇವರಿಗೂ ಸಾಕಾಗಿರಬೇಕು. ನಾಲ್ಕಾಣೆ ಉಳಿಯಿತು, ಶಾಂತಾರಾಮಾ.

ಮೊದಲ ಹೂವನ್ನು ನಂಬಿದ್ದರೆ ಸುಳ್ಳು ಬೇಕಾಗುತ್ತಿರಲಿಲ್ಲ. ಸುಳ್ಳಿಲ್ಲದಿದ್ದರೆ ಹೆದರಿಕೆ ಇರುತ್ತಿರಲಿಲ್ಲ. ಹೆದರಿಕೆ ಇಲ್ಲದಿದ್ದರೆ ಡಾಕ್ಟರ ಚೀಲ ಹಿಡಿಯುತ್ತಿರಲಿಲ್ಲ.

ಸಭೆಗೆ ಬರುತ್ತಿದ್ದೆ. ಆದರೆ ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆ ಕಥೆ ಕಟ್ಟುತ್ತದೆ, ನೀನೇ ಕಂಡಿದ್ದೀ. ಅವರು ನಕ್ಕುಬಿಟ್ಟರೆ ನನ್ನನ್ನು ಬಿಟ್ಟುಬಿಡುತ್ತಾರೆ. ಅದು ಆಗಬಾರದು. ಎರಡೂ ಕಾಗದಗಳನ್ನು ನೀನೇ ಓದು. ನಿನ್ನ ದನಿಯಲ್ಲಿ ಓದಿದರೆ ಯಾರಿಗೂ ನಗು ಬರುವುದಿಲ್ಲ.

ಮಡಿವಾಳಪ್ಪ


ಶಿರಸಿ
೨೦-೧೨-೧೯೬೧

ಮಡಿವಾಳಪ್ಪನಿಗೆ,

ಓದಿದೆ. ಕಿರಿಯಾ ಓಗೊಟ್ಟ ಸಾಲಿಗೆ ಇಬ್ಬರು ನಕ್ಕರು, ಉಳಿದವರು ಅವರನ್ನು ನೋಡಿದ ಮೇಲೆ ನಿಲ್ಲಿಸಿದರು.

ಕಮಲಾಕರ ರಾಯರು ಎದ್ದು ಒಂದೇ ಮಾತು ಹೇಳಿದರು: "ಎತ್ತಿಗೆ ತನ್ನ ಹೆಸರು ಗೊತ್ತಿತ್ತು. ಆಗಲೇ ನನಗೂ ಗೊತ್ತಾಯಿತು. ಕಾಯಿಲೆ ಕಣ್ಣ ಮುಂದಿತ್ತು, ಔಷಧ ಕೊಟ್ಟೆ. ಕೊಟ್ಟದ್ದು ತಪ್ಪಲ್ಲ. ಹೋಳಿಗೆಗೆ ಕೂತದ್ದು ತಪ್ಪು." ಅವರು ಮತ್ತೆ ಹಳ್ಳಿಗಳಿಗೆ ಹೋಗಲು ಒಪ್ಪಿದ್ದಾರೆ. ಇನ್ನು ಮೇಲೆ ಯಾರ ಮನೆಯಲ್ಲೂ ಊಟ ಮಾಡುವುದಿಲ್ಲವಂತೆ. ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಆಮೇಲೆ ನಾನು ಕಡತದಿಂದ ಒಂದು ಚೀಟಿ ತೆಗೆದು ಓದಿದೆ. ಜುಲೈ ಹದಿನೇಳರಂದು ಡಾಕ್ಟರು ನನ್ನ ಕೈಗೆ ಕೊಟ್ಟದ್ದು. "ಬಿಳಿ ಎತ್ತು, ಬಾಯಿಗೂಡಿದೆ, ಹಲ್ಲು ಸವೆದಿದೆ." ನಮ್ಮ ಪುಸ್ತಕದಲ್ಲಿ ಕಿರಿಯಾನಿಗೆ ಆರು ಹಲ್ಲು. ಐದು ತಿಂಗಳಲ್ಲಿ ಹಲ್ಲು ಬರಬಹುದು, ಸವೆಯುವುದಿಲ್ಲ. ಚೀಟಿ ಕೈಗೆ ಬಂದ ದಿನವೇ ನನಗೆ ತಿಳಿಯಿತು. ಮಡಚಿ ಕಡತಕ್ಕೆ ಸೇರಿಸಿದೆ. ನಿನಗೆ ಆಗಸ್ಟಿನಲ್ಲಿ ಬರೆದ ಕಾಗದದಲ್ಲೂ ಅದನ್ನು ಹೇಳಲಿಲ್ಲ. ದಿನಾಂಕಗಳನ್ನು ಮಾತ್ರ ಬರೆದೆ, ನೀನೇ ಎಣಿಸಿಕೊಳ್ಳಲಿ ಎಂದು. ಅದು ಗೆಳೆತನವೋ ಹೇಡಿತನವೋ ನನಗೆ ಇನ್ನೂ ತಿಳಿದಿಲ್ಲ. ಬೇರೆ ಯಾರದೇ ಎತ್ತಾಗಿದ್ದರೆ ಮರುದಿನವೇ ನೋಟೀಸು ಹೋಗುತ್ತಿತ್ತು. ಮೊದಲಿಗೆ ಗುರುತು ನೋಡಲು ಬರದೆ ನಿನ್ನ ಮಾತೇ ಸಾಕು ಎಂದವನೂ ನಾನೇ.

ಸಭೆಯ ತೀರ್ಮಾನ: ನಿನ್ನ ಹೆಸರನ್ನು ಹೊಡೆದು ಹಾಕಲಾಗಿದೆ. ನಾನು ಕಾರ್ಯದರ್ಶಿಯಲ್ಲ. ಹೊಸಬರು ಸಿಗುವವರೆಗೆ ಬರೆಯುವ ಕೆಲಸ ಮಾತ್ರ ಮಾಡುತ್ತೇನೆ.

ದುರ್ಗಿ ಸಭೆಗೆ ಬಂದಿರಲಿಲ್ಲ. ಅವಳಿಗೆ ಇದನ್ನೆಲ್ಲ ಯಾರು ಹೇಳುವುದು ಎಂಬ ಮಾತು ಬಂದಾಗ ಎಲ್ಲರೂ ಮಾಡಿನ ಹಂಚು ಎಣಿಸಿದರು.

ಶಾಂತಾರಾಮ


ಬನವಾಸಿ
೧೧-೨-೧೯೬೨

ಶಾಂತಾರಾಮನಿಗೆ,

ದುರ್ಗಿಯ ಮನೆಗೆ ಹೋಗಿ ಬಂದೆ. ಗಾಡಿ ಕಟ್ಟಿಕೊಂಡೇ ಹೋದೆ, ಹೋಗಲು ಮೂರು ದಿನ ಹಿಡಿಯಿತು. ಬಸ್ಸಿನಲ್ಲಿ ಹೋಗಿದ್ದರೆ ಬೇಗ ತಲುಪುತ್ತಿದ್ದೆ, ಅದಕ್ಕೇ ಹೋಗಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಎತ್ತುಗಳಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ದುರ್ಗಿ ಅಂಗಳ ಸಾರಿಸುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಿರಬಹುದು. ನಾನು ಗಾಡಿಯಿಂದ ಇಳಿದು, ರೂಢಿ ಮಾಡಿಕೊಂಡದ್ದನ್ನೆಲ್ಲ ಬಿಟ್ಟು, "ಅವ್ವಾ, ಡಾಕ್ಟರನ್ನ ಆ ದಿನ ಹಿಡಕೊಂಡು ಕುಂತಾಂವ ನಾನು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹೆಸರು ಬದಲಿಸಿದ್ದು, ಹೋಳಿಗೆ, ಹೂವು, ನಾಲ್ಕಾಣೆ. ಅವಳು ಕೈಯ ಸಗಣಿ ತೊಳೆಯಲೂ ಇಲ್ಲ, ನಿಂತೇ ಕೇಳಿದಳು.

"ಸಾಯೂದು ತಪ್ಪಿದ್ದು ಯಾವ್ದು?" ಎಂದಳು.

ಹಿರಿಯಾನನ್ನು ತೋರಿಸಿದೆ. ಕೈ ತೊಳೆದು ಬಂದು ಅವನ ಗಂಟಲ ಕೆಳಗೆ ಕೈಯಿಟ್ಟು, ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿ ನೋಡಿದಳು. ಹಿರಿಯಾ ಅಪರಿಚಿತರು ಮುಟ್ಟಿದರೆ ಕೊಂಬು ಬೀಸುವವ. ಸುಮ್ಮನೆ ನಿಂತ.

"ನಂದ್ಕೂ ಇಲ್ಲೇ ಊದಿತ್ತು" ಎಂದಳು. "ಇದ್ಕೆ ಗಂಟೂ ಉಳೀಲಿಲ್ಲ. ಒಳ್ಳೆ ಮದ್ದು."

ಅಷ್ಟು ಹೇಳಿ ಎರಡಕ್ಕೂ ಕಲಗಚ್ಚು ತಂದಿಟ್ಟಳು. ಮೂರು ದಿನ ನಡೆದ ದನ, ಬಾಯಾರಿರುತ್ತದೆ ಎಂದಳು. ನನಗೆ ನೀರು ಬೇಕೇ ಎಂದು ಕೇಳಲಿಲ್ಲ.

ಯುಗಾದಿಯೊಳಗೆ ಒಂದು ಕರೆಯುವ ಎಮ್ಮೆ ತಂದು ಕಟ್ಟುತ್ತೇನೆ ಅವ್ವಾ ಎಂದೆ. ಹೊಸ ಪಟ್ಟಿಯ ಗಾಲಿ ಮಾರಿ ಯಾರದಾದರೂ ಹಳೆಯ ಗಾಲಿ ಕೊಂಡು ಹಾಕಿಕೊಂಡರೆ ಆಗುತ್ತದೆ, ಪಾರ್ವತವ್ವನೂ ಒಪ್ಪಿದ್ದಾಳೆ.

"ತಂದ್ರೆ ಬ್ಯಾಡ ಅಂಬೂದಿಲ್ಲ. ಹಾಲು ಬೇಕಲ" ಎಂದಳು. "ಆದ್ರೆ ಅದು ಹೋದ ಎಮ್ಮೆ ಆಗೂದಿಲ್ಲ."

ನಾನು ನೊಗ ಎತ್ತುವಾಗ ಮನೆಯ ಹಿಂದಿನಿಂದ ಒಂದು ಎಮ್ಮೆಗರು ಬಂದು ಅವಳ ಸೀರೆಯ ತುದಿ ಚೀಪತೊಡಗಿತು. ಎಮ್ಮೆ ಸಾಯುವಾಗ ಇಪ್ಪತ್ತು ದಿನದ್ದಂತೆ. ಗಂಜಿ ನೀರು ಕುಡಿಸಿ ಕುಡಿಸಿ ಉಳಿಸಿಕೊಂಡಿದ್ದಾಳೆ. ಹೊಟ್ಟೆ ದಪ್ಪ, ಕಾಲು ಕಡ್ಡಿ. ಅದರ ತಲೆಯ ಮೇಲೆ ಕೈಯಿಟ್ಟುಕೊಂಡು ಅವಳು ನನ್ನನ್ನು ಕೇಳಿದಳು:

"ಇದ್ಕೆ ಕಟ್ಟೂದಾ, ಬ್ಯಾಡದಾ? ಎಂಟಾಣೆ. ನೀ ಹೇಳು."

ಮೂರು ತಾಲೂಕಿನಲ್ಲಿ ಆ ಮಾತು ಕೇಳಲು ಅವಳಿಗೆ ಸಿಕ್ಕವನು ನಾನು. ಕಟ್ಟು ಎನ್ನಲು ಯಾವ ಬಾಯಿ ಇದೆ ನನಗೆ? ಬೇಡ ಎನ್ನಲು ಹಿರಿಯಾ ಪಕ್ಕದಲ್ಲೇ ನಿಂತು ಉಸಿರಾಡುತ್ತಿದ್ದ.

"ಕಟ್ಟವ್ವಾ" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನೀ ಇದ್ಯನ ಆ ಸಂಘದಲ್ಲಿ?"

"ಇಲ್ಲವ್ವಾ. ನನ್ನ ಹೆಸರು ಹೊಡದು ಹಾಕ್ಯಾರ."

"ಹಂಗಾರೆ ಕಟ್ತೆ" ಎಂದಳು.

ಸೆರಗಿನ ಗಂಟು ಬಿಚ್ಚಿ ಎಂಟಾಣೆ ತೆಗೆದಳು. ಶಿರಸಿಯ ಮೇಲೇ ಹೋಗುವ ಗಾಡಿ ನನ್ನದು. ಅಭ್ಯಾಸಬಲದಿಂದ ಕೈ ನೀಡಿದೆ. ಅವಳು ಆ ಕೈಯನ್ನು ನೋಡಿ, ನಾಣ್ಯವನ್ನು ತಿರುಗಿ ಸೆರಗಿಗೆ ಕಟ್ಟಿ, ಮಂಗಳವಾರ ಶಿರಸಿ ಸಂತೆಗೆ ಹೋದಾಗ ತಾನೇ ಸಂಘಕ್ಕೆ ಕೊಡುತ್ತೇನೆ ಎಂದಳು.

ಅವಳು ಬಂದರೆ ಕೂರಲು ಒಳಗೆ ಚಾಪೆ ಹಾಕು.

ಮಡಿವಾಳಪ್ಪ